ಕಣ್ಣು ಕಟ್ಟಿ ಬಿಟ್ಟರೂ

ಬಸ್ಸು ಆಗುಂಬೆ ದಾಟಿ ಘಾಟಿಯ ತಲೆಗೆ ಬರುವ ಹೊತ್ತಿಗೆ ಮುಂದಿನ ಗಾಜಿನಾಚೆ ಏನೂ ಉಳಿದಿರಲಿಲ್ಲ. ರಸ್ತೆಯೂ ಇಲ್ಲ, ಮರವೂ ಇಲ್ಲ, ಬರೀ ಬಿಳಿ ಮಂಜು. ಜುಲೈ ತಿಂಗಳ ಬೆಳಗಿನ ಎಂಟು ಗಂಟೆ. ಮಿನಿ ಬಸ್ಸಿನ ಡ್ರೈವರ್ ದೀಪ ಹಾಕಿ, ಹಾರ್ನ್ ಬಾರಿಸುತ್ತ, ಗೇರು ಇಳಿಸಿ ಬಸ್ಸನ್ನು ನಿಧಾನಕ್ಕೆ ಇಳಿಜಾರಿಗೆ ಬಿಟ್ಟ. ಟಾರ್ಪಾಲಿನ ಸಂದಿಯಿಂದ ಮಳೆಯ ಎರಚಲು ಒಳಗೆ ಬಡಿಯುತ್ತಿತ್ತು.

ನನ್ನ ಪಕ್ಕ ಚಿಕ್ಕಪ್ಪ ಕೂತಿದ್ದ. ಎರಡೂ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಮಣಿಪಾಲದಲ್ಲಿ ಒಂದು ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಗಿತ್ತು, ನಾನು ಅದಕ್ಕೆಂದೇ ಬೆಂಗಳೂರಿನಿಂದ ಬಂದು ಮೇಗರವಳ್ಳಿಯಲ್ಲಿ ಅವನ ಜೊತೆ ಬಸ್ಸು ಹತ್ತಿದ್ದೆ. ಇದೇ ಘಾಟಿಯಲ್ಲಿ 26 ವರ್ಷ ಇಂಥದೇ ಮಿನಿ ಬಸ್ ಓಡಿಸಿದವನು ಅವನು. "ಕಣ್ಣು ಕಟ್ಟಿ ಬಿಟ್ಟರೂ ಸೋಮೇಶ್ವರಕ್ಕೆ ಇಳಿಸ್ತೇನೆ" ಅನ್ನುವುದು ನಾವು ಚಿಕ್ಕವರಿದ್ದಾಗಿನಿಂದ ಕೇಳಿದ ಮಾತು. ನಮ್ಮ ಕಡೆ ಎಲ್ಲರೂ ಆಡುವ ಮಾತೇ. ತವರಿಗೆ ಹೋಗುವ ದಾರಿಯ ಬಗ್ಗೆ ಹೆಂಗಸರು, ಹೆಂಡದಂಗಡಿಯಿಂದ ಮನೆಗೆ ಬರುವ ದಾರಿಯ ಬಗ್ಗೆ ಗಂಡಸರು, ಎಲ್ಲರೂ ಹೀಗೇ ಅನ್ನುತ್ತಾರೆ. ಅದು ಎಷ್ಟರಮಟ್ಟಿಗೆ ನಿಜ ಎಂದು ಕೇಳಿಕೊಳ್ಳುವ ಸಂದರ್ಭ ನನಗೆ ಅಲ್ಲಿಯತನಕ ಬಂದಿರಲಿಲ್ಲ.

ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆ ಅಂದುಕೊಂಡೆ. ಆಗ ಅವನ ಬಲಗಾಲು ಕಣ್ಣಿಗೆ ಬಿತ್ತು. ಸವೆದ ಹವಾಯಿ ಚಪ್ಪಲಿಯೊಳಗಿನ ಆ ಪಾದ ಹಿಮ್ಮಡಿ ಊರಿಕೊಂಡು ಕೂತಿತ್ತು. ಇದ್ದಕ್ಕಿದ್ದಂತೆ ಮುಂಗಾಲು ಬಸ್ಸಿನ ತಗಡಿನ ನೆಲವನ್ನು ಮೆಲ್ಲಗೆ ಒತ್ತಿತು. ಮರುಗಳಿಗೆಗೆ ಬಸ್ಸಿನ ಬ್ರೇಕು ಉಸ್ಸೆಂದು, ನಾವೆಲ್ಲ ಮುಂದಕ್ಕೆ ಬಾಗಿದೆವು. ತಿರುವು ಕಳೆಯಿತು. ಪಾದ ಸಡಿಲವಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಒತ್ತಿತು, ಮತ್ತೆ ತಿರುವು ಬಂತು. ಡ್ರೈವರನ ಕಾಲಿಗಿಂತ ಚಿಕ್ಕಪ್ಪನ ಕಾಲು ಪ್ರತಿಸಲವೂ ಒಂದು ಕ್ಷಣ ಮುಂದಿತ್ತು.

"ಎಷ್ಟನೇದು ಚಿಕ್ಕಪ್ಪ?" ಕೇಳಿದೆ.

"ನೀರಿನದು ಕಳೀತು. ಇನ್ನು ಬೈನೆ ಮರದ್ದು" ಅಂದ, ಕಣ್ಣು ತೆರೆಯದೆ.

ಈ ಘಾಟಿಯಲ್ಲಿ 14 ತಿರುವುಗಳಿವೆ. ಚಿಕ್ಕಪ್ಪನ ಲೆಕ್ಕದಲ್ಲಿ ನಂಬರಿಲ್ಲ, ಒಂದೊಂದಕ್ಕೂ ಅವನೇ ಇಟ್ಟ ಹೆಸರಿದೆ. ನೀರಿನದು, ಮಂಗನದು, ಲಾರಿ ಬಿದ್ದಿದ್ದು, ಬೈನೆ ಮರದ್ದು. ಒಂದಕ್ಕೆ "ಸಣ್ಣ ಹೊಟ್ಟೇದು" ಎಂದು ಹೆಸರು. ಅಲ್ಲಿ ರಸ್ತೆಯ ಒಳಮೈ ಕಿರಿದು, ಹಿಂದಿನ ಚಕ್ರ ಚರಂಡಿಗೆ ಇಳಿಯದಂತೆ ಒಂದು ಗೇಣು ಹೊರಗೆ ಹಿಡಿದು ತಿರುಗಿಸಬೇಕು. ಕಾಣದಿದ್ದರೆ ಹೇಗೆ ಗೊತ್ತಾಗುತ್ತದೆ ಎಂದೆ. "ಸೊಂಟಕ್ಕೆ ಗೊತ್ತಾಗ್ತದೆ ಮಾರಾಯ" ಅಂದ. ಆಮೇಲೆ ಬಿಡಿಸಿ ಹೇಳಿದ. ದರೆಯ ಪಕ್ಕ ಹೋಗುವಾಗ ಎಂಜಿನ್ನಿನ ಸದ್ದು ತಿರುಗಿ ಕಿವಿಗೆ ಬಡಿಯುತ್ತದೆ, ಕಣಿವೆಯ ಪಕ್ಕ ಬಂದ ಕೂಡಲೇ ಸದ್ದು ಕಳಚಿಕೊಂಡು ಹೋಗುತ್ತದೆ. ಎರಡು ಕಡೆ ಝರಿಯ ಸದ್ದಿದೆ, ಒಂದು ದಪ್ಪ, ಒಂದು ತೆಳು. ಅರ್ಧ ಇಳಿದ ಮೇಲೆ ಮೇಲಿನ ಚಳಿ ಮುಗಿದು ಕೆಳಗಿನ ಸೆಖೆ ಮುಖಕ್ಕೆ ತಾಗುತ್ತದೆ. "ಅಲ್ಲಿಂದ ಕೆಳಗೆ ಗಾಳಿಯೇ ಬೇರೆ" ಅಂದ. ಅವನು ಹೇಳಿ ಎರಡು ತಿರುವು ಕಳೆಯುವಷ್ಟರಲ್ಲಿ ನನ್ನ ಕುತ್ತಿಗೆ ಬೆವರತೊಡಗಿತು. ಎಷ್ಟೋ ಸಲ ಇಳಿದ ಘಾಟಿ. ಆ ಗೆರೆಯನ್ನು ನಾನು ಒಮ್ಮೆಯೂ ಗಮನಿಸಿರಲಿಲ್ಲ.

ಸೊಂಟಕ್ಕೆ ಗೊತ್ತಾಗುತ್ತದೆ ಅನ್ನುವುದರಲ್ಲಿ ಅತಿಶಯವೇನಿಲ್ಲ. ಮೈ ಯಾವ ಕಡೆಗೆ ವಾಲಿತು ಎಂದು ಸೀಟಿಗೆ ಒತ್ತಿಕೊಂಡ ಚರ್ಮ, ಸ್ನಾಯು, ಕೀಲುಗಳು ಮಿದುಳಿಗೆ ವರದಿ ಒಪ್ಪಿಸುತ್ತಲೇ ಇರುತ್ತವೆ. ಇನ್ನೊಂದು ವರದಿ ಒಳಕಿವಿಯದು. ಅಲ್ಲಿ ಮೂರು ಅರ್ಧವೃತ್ತಾಕಾರದ ಕೊಳವೆಗಳಿವೆ, ಒಳಗೆ ದ್ರವ ತುಂಬಿದೆ. ನೀರು ತುಂಬಿದ ಕೊಡ ಹಿಡಿದು ಥಟ್ಟನೆ ತಿರುಗಿದರೆ ಕೊಡ ತಿರುಗುತ್ತದೆ, ಒಳಗಿನ ನೀರು ಒಂದಿಷ್ಟು ಹಿಂದುಳಿಯುತ್ತದೆ. ಒಳಕಿವಿಯ ದ್ರವವೂ ಹಾಗೇ ಹಿಂದುಳಿದಾಗ ಅಲ್ಲಿರುವ ಕೂದಲಿನಂಥ ಎಳೆಗಳು ಬಾಗುತ್ತವೆ. ತಲೆ ಎತ್ತ ತಿರುಗಿತು, ಎಷ್ಟು ಬೇಗ ತಿರುಗಿತು ಎಂಬುದು ಮಿದುಳಿಗೆ ತಿಳಿಯುವುದು ಆ ಬಾಗಿನಿಂದ. ಇಷ್ಟು ಹೊತ್ತು ಇಷ್ಟು ಬಲಕ್ಕೆ, ಆಮೇಲೆ ಇಷ್ಟು ಎಡಕ್ಕೆ ಎಂದು ಮಿದುಳು ಕೂಡುತ್ತ ಕಳೆಯುತ್ತ, ಹೊರಟ ಜಾಗದಿಂದ ತಾನು ಎಲ್ಲಿದ್ದೇನೆ ಎಂಬ ಅಂದಾಜನ್ನು ನಮಗೆ ತಿಳಿಯದಂತೆಯೇ ಕಟ್ಟಿಕೊಳ್ಳುತ್ತಿರುತ್ತದೆ.

ಆದರೆ ಈ ಲೆಕ್ಕದಲ್ಲಿ ತಪ್ಪು ಬೇಗ ಸೇರುತ್ತದೆ. ಜರ್ಮನಿಯ ಟ್ಯೂಬಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಯಾನ್ ಸೌಮನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನರ ಕಣ್ಣನ್ನು ನಿಜವಾಗಿಯೂ ಕಟ್ಟಿ, ಬಯಲಿನಲ್ಲಿ ನೇರ ನಡೆಯಿರಿ ಎಂದು ಬಿಟ್ಟರು. ನೇರ ಹೋಗುತ್ತಿದ್ದೇವೆ ಅಂದುಕೊಂಡೇ ಅವರು ಸುತ್ತು ಹಾಕಿದರು. ಕೆಲವು ಸುತ್ತುಗಳ ಅಡ್ಡಗಲ 20 ಮೀಟರ್‌ಗಿಂತಲೂ ಕಡಿಮೆ. ಕಣ್ಣು ಬಿಟ್ಟುಕೊಂಡು ಕಾಡಿನಲ್ಲಿ ನಡೆದವರದ್ದೂ ಮೋಡ ಕವಿದ ದಿನ ಅದೇ ಪಾಡು. ಸೂರ್ಯ ಕಂಡ ದಿನ ಮಾತ್ರ ಅವರ ದಾರಿ ಹೆಚ್ಚುಕಡಿಮೆ ನೇರವಾಗಿತ್ತು. ನಮ್ಮ ಅಜ್ಜಿ ಮರೆವಿನ ಬಳ್ಳಿಯ ವಿಷಯ ಹೇಳುತ್ತಿದ್ದಳು. ಕಾಡಿನಲ್ಲಿ ಆ ಬಳ್ಳಿಯನ್ನು ದಾಟಿದವನು ಎಷ್ಟು ನಡೆದರೂ ಹೊರಟಲ್ಲಿಗೇ ಬಂದು ನಿಲ್ಲುತ್ತಾನಂತೆ. ಆ ಬಳ್ಳಿ ಯಾವುದೆಂದು ಯಾರೂ ತೋರಿಸಿಕೊಟ್ಟದ್ದಿಲ್ಲ. ಮಳೆಗಾಲದ ಮೋಡದಡಿ, ದಟ್ಟ ಕಾನಿನಲ್ಲಿ ಸೊಪ್ಪಿಗೋ ಅಣಬೆಗೋ ಹೋಗಿ ಸುತ್ತು ಬಿದ್ದವರು ತಮಗಾದದ್ದನ್ನು ಸರಿಯಾಗಿಯೇ ಕಂಡಿದ್ದರು. ಅದಕ್ಕೊಂದು ಹೆಸರು ಬೇಕಿತ್ತು, ಬಳ್ಳಿ ಸಿಕ್ಕಿತು.

ಹಾಗಾದರೆ ಕಣ್ಣು ಕಟ್ಟಿ ಬಿಟ್ಟರೆ ಬಯಲಿನಲ್ಲಿ ದಿಕ್ಕು ತಪ್ಪುತ್ತೇವೆ, ಘಾಟಿಯಲ್ಲಿ ತಪ್ಪುವುದಿಲ್ಲ. ಬಯಲು ಸುಮ್ಮನಿರುತ್ತದೆ, ಘಾಟಿ ಮಾತಾಡುತ್ತದೆ. ಸೇರಿಕೊಂಡ ತಪ್ಪನ್ನು ತಿರುವು, ಝರಿ, ಸೆಖೆಯ ಗೆರೆ ಒಂದೊಂದೂ ತೊಳೆದು, ನೀನಿರುವುದು ಇಲ್ಲಿ ಎಂದು ಹೇಳಿ ಮುಂದಕ್ಕೆ ಕಳಿಸುತ್ತದೆ.

ಸೋಮೇಶ್ವರದಲ್ಲಿ ಮಂಜು ಹರಿಯಿತು. ಚಿಕ್ಕಪ್ಪ ಕಣ್ಣು ತೆರೆದು ಕಿಟಕಿಯತ್ತ ನೋಡಿದ, ಅವನಿಗೆ ಅಲ್ಲಿ ಮಂಜು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಸೀತಾನದಿ, ಹೆಬ್ರಿ, ಪೆರ್ಡೂರು, ಹಿರಿಯಡ್ಕ, ಪರ್ಕಳ. ಅಲ್ಲೆಲ್ಲ ಅವನ ಕಾಲು ಸುಮ್ಮನಿತ್ತು.

ಆಪರೇಷನ್ನಿಗೆ ಮುಂಚಿನ ಕಾಯುವಿಕೆಯ ಹೊತ್ತಿನಲ್ಲಿ ಒಂದು ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಘಾಟಿಯ ನಕ್ಷೆ ಬರೆದು ಕೊಡು ಎಂದೆ. ಪೆನ್ನು ಹಿಡಿದ. ಆಗುಂಬೆ ಎಂದು ಒಂದು ಚುಕ್ಕಿ ಇಟ್ಟ. ಗೆರೆ ಎಳೆಯುತ್ತ ಮೊದಲ ತಿರುವಿಗೆ ಬಂದಾಗ ಅವನ ಭುಜವೂ ವಾಲಿತು, ಎಡಗೈ ಇಲ್ಲದ ಸ್ಟೇರಿಂಗನ್ನು ಹಿಡಿದು ಹೊರಳಿತು. ಪ್ರತಿ ತಿರುವಿಗೂ ಹಾಗೇ. ಕೊನೆಗೆ ಹಾಳೆಯಲ್ಲಿ ಮೂಡಿದ್ದು ಒದ್ದೆ ಹಗ್ಗ ಸುರುಳಿ ಬಿದ್ದಂಥ ಒಂದು ಗೆರೆ. ಕೆಳಗಿನ ತಿರುವುಗಳು ಒಂದರ ಮೇಲೊಂದು ಬಂದು, ಸೋಮೇಶ್ವರ ಆಗುಂಬೆಗಿಂತ ಮೇಲೆ ಹೋಗಿತ್ತು. "ಮಂಗನ ತಿರುವಿಗಿಂತ ಮುಂಚೆ ಯಾವುದು?" ಎಂದು ಕೇಳಿದರೆ ಥಟ್ಟನೆ ಹೇಳಲಾಗಲಿಲ್ಲ. ಕಣ್ಣು ಮುಚ್ಚಿ, ಘಾಟಿಯ ತಲೆಯಿಂದ ಮತ್ತೆ ಇಳಿದುಕೊಂಡು ಬಂದು ಹೇಳಿದ. ಹಿಂದುಮುಂದಾಗಿ ಅಕ್ಷರಮಾಲೆ ಹೇಳಲು ಹೋದರೆ ನಮಗೂ ಹೀಗೇ ಆಗುತ್ತದೆ.

ಮಿದುಳಿನಲ್ಲಿ ದಾರಿಗೆ ಎರಡು ಮನೆಗಳಿವೆ. ಒಂದು ಹಿಪೊಕ್ಯಾಂಪಸ್. ಕಿವಿಯ ನೇರಕ್ಕೆ, ಒಳಗೆ, ಎರಡೂ ಪಕ್ಕ ಒಂದೊಂದಿದೆ. ಆಕಾರ ಕಂಡು ಗ್ರೀಕ್ ಭಾಷೆಯ ಕಡಲಕುದುರೆಯ ಹೆಸರಿಟ್ಟರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಜಾನ್ ಓಕೀಫ್ 1971ರಲ್ಲಿ, ಇಲಿಯೊಂದು ಕೋಣೆಯ ಒಂದು ನಿರ್ದಿಷ್ಟ ಮೂಲೆಗೆ ಬಂದಾಗಷ್ಟೇ ಮಿಡಿಯುವ ಕೋಶಗಳನ್ನು ಅಲ್ಲಿ ಕಂಡರು. ಪ್ರತಿ ಜಾಗಕ್ಕೂ ತನ್ನದೇ ಕೋಶಗಳು. 2005ರಲ್ಲಿ ನಾರ್ವೆಯ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅದರ ಪಕ್ಕದ ಭಾಗದಲ್ಲಿ ಇನ್ನೊಂದು ಬಗೆಯ ಕೋಶ ಕಂಡರು. ಅಂಥ ಒಂದು ಕೋಶ ಎಲ್ಲೆಲ್ಲಿ ಮಿಡಿಯಿತು ಎಂದು ನೆಲದ ಮೇಲೆ ಗುರುತು ಹಾಕಿದರೆ, ಒಂದು ಸಾಲಿನ ಎರಡು ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರುವಂತೆ ಇಟ್ಟ ಸಂದುಚುಕ್ಕಿಯ ರಂಗೋಲಿಯೇ ಸರಿ. ನಾನು ಆ ಚಿತ್ರವನ್ನು ಮೊದಲು ನೋಡಿದಾಗ ಅಜ್ಜಿ ಬೆಳಗಾಗುವ ಮುಂಚೆ ಅಂಗಳದಲ್ಲಿ ಕೂತು ಇಡುತ್ತಿದ್ದ ಚುಕ್ಕಿಗಳೇ ನೆನಪಾದವು. ಈ ಮೂವರಿಗೂ 2014ರಲ್ಲಿ ನೊಬೆಲ್ ಬಂತು. ನಕ್ಷೆ ಇರುವ ಮನೆ ಇದು. ಹೊಸ ಊರು, ಅಡ್ಡದಾರಿ, ಮುಚ್ಚಿದ ರಸ್ತೆಗೆ ಬದಲಿ ರಸ್ತೆ, ಎಲ್ಲ ಇದರ ಕೆಲಸ.

ಇನ್ನೊಂದು ಮನೆ ಮಿದುಳಿನ ಆಳದಲ್ಲಿರುವ ಕಾಡೇಟ್ ನ್ಯೂಕ್ಲಿಯಸ್. ಅಲ್ಲಿ ನಕ್ಷೆ ಇಲ್ಲ, ಪಾಠ ಒಪ್ಪಿಸುವುದಿದೆ. ಇದು ಕಂಡರೆ ಎಡಕ್ಕೆ, ಇದು ಕೇಳಿದರೆ ಬ್ರೇಕು, ಅಷ್ಟೇ. ಇವೆರಡರ ನಂಟು ತಿಳಿಸಿದ ಪ್ರಯೋಗಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಮಾರ್ಕ್ ಪ್ಯಾಕರ್ಡ್ ಮತ್ತು ಜೇಮ್ಸ್ ಮಗಾ 1996ರಲ್ಲಿ ಪ್ರಕಟಿಸಿದ್ದು. ಕೂಡುರಸ್ತೆಯಂಥ ಒಂದು ಆಟದ ಹಾದಿಯಲ್ಲಿ ಇಲಿಯನ್ನು ದಿನಾ ಒಂದೇ ತುದಿಯಿಂದ ಬಿಟ್ಟು, ಒಂದೇ ತೋಳಿನಲ್ಲಿ ಆಹಾರ ಇಟ್ಟರು. ಎಂಟನೇ ದಿನ ಅದನ್ನು ಎದುರು ತುದಿಯಿಂದ ಬಿಟ್ಟು ನೋಡಿದರು. ಹೆಚ್ಚಿನ ಇಲಿಗಳು ಆಹಾರವಿದ್ದ ಜಾಗಕ್ಕೇ ಹೋದವು, ಅಂದರೆ ಜಾಗ ಗೊತ್ತಿತ್ತು. ಹದಿನಾರನೇ ದಿನ ಅದೇ ಪರೀಕ್ಷೆ ಮಾಡಿದರೆ ಹೆಚ್ಚಿನವು ದಿನಾ ತಿರುಗುತ್ತಿದ್ದ ಕೈಗೇ ತಿರುಗಿ, ತಪ್ಪು ಜಾಗ ಸೇರಿದವು. ಅಷ್ಟರಲ್ಲಿ ರೂಢಿ ಮುಂದೆ ಬಂದು ಕೂತಿತ್ತು. ಮುಖ್ಯ ಸಂಗತಿ ಇರುವುದು ಇದರಾಚೆ. ಆ ಹದಿನಾರನೇ ದಿನವೇ ಕಾಡೇಟ್ ಭಾಗವನ್ನು ಸ್ವಲ್ಪ ಹೊತ್ತು ಔಷಧಿಯಿಂದ ಮರಗಟ್ಟಿಸಿದರೆ, ಇಲಿಗಳು ಮತ್ತೆ ಸರಿಯಾದ ಜಾಗಕ್ಕೇ ಹೋದವು. ನಕ್ಷೆ ಅಳಿದಿರಲಿಲ್ಲ. ರೂಢಿ ಬಾಗಿಲಲ್ಲಿ ನಿಂತಿತ್ತು, ನಕ್ಷೆ ಒಳಕೋಣೆಯಲ್ಲಿ ಕಾಯುತ್ತಿತ್ತು.

ಈ ಸಂಗತಿಯನ್ನು ಚಿಕ್ಕಪ್ಪನಿಗೆ ನನಗೆ ಬಂದಂತೆ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನದೊಂದು ಹಳೆಯ ಪ್ರಸಂಗ ತೆಗೆದ. ಒಂದು ಮಳೆಗಾಲ ಗುಡ್ಡ ಜರಿದು ಘಾಟಿ ಮುಚ್ಚಿತ್ತು. ಬಸ್ಸುಗಳು ಆಗುಂಬೆಯಲ್ಲಿ ಶೃಂಗೇರಿಯ ಕಡೆ ತಿರುಗಿ, ಬೇಗಾರಿನ ಮೇಲೆ ಸುತ್ತಿಕೊಂಡು ಹೋಗಬೇಕಿತ್ತು. ಹೊರಡುವಾಗ ತೀರ್ಥಹಳ್ಳಿಯಲ್ಲಿ ಪ್ರಯಾಣಿಕರಿಗೆಲ್ಲ ಅದನ್ನು ಹೇಳಿದವನೇ ಇವನು. ಆಗುಂಬೆಗೆ ಬಂದ. ಕೈ ಶೃಂಗೇರಿಯ ಕಡೆ ತಿರುಗಿಸಲಿಲ್ಲ. ಬಸ್ಸು ಘಾಟಿಯ ದಾರಿ ಹಿಡಿಯಿತು. ಹಿಂದಿನಿಂದ ಜನ ಕೂಗಿಕೊಂಡ ಮೇಲೆಯೇ ಅವನಿಗೆ ತಿಳಿದದ್ದು. "ನನಗೆ ಗೊತ್ತಿತ್ತು ಮಾರಾಯ, ಕೈಗೆ ಗೊತ್ತಿರ್ಲಿಲ್ಲ" ಅಂದ. ಇಷ್ಟು ವರ್ಷದ ಮೇಲೂ ಆ ಮಾತು ಹೇಳುವಾಗ ಅವನ ದನಿ ತಗ್ಗಿತು. ಮೂವತ್ತು ಜೀವ ಬಸ್ಸಿನಲ್ಲಿದ್ದವಲ್ಲ ಎಂಬುದು ಅವನನ್ನು ಬಿಟ್ಟಿಲ್ಲ.

ಅದು ಅವನೊಬ್ಬನ ಕಥೆಯಲ್ಲ. ಮನೆ ಬದಲಿಸಿದ ಮೇಲೂ ಸಂಜೆ ಹಳೆಯ ಮನೆಯ ಬೀದಿಗೆ ಗಾಡಿ ತಿರುಗಿಸಿದವರು ನಮ್ಮಲ್ಲಿ ಎಷ್ಟು ಜನವಿಲ್ಲ! ದಿನದ ದಾರಿಯಲ್ಲಿ ಮನೆ ಸೇರಿದ ಮೇಲೆ, ನಡುವೆ ಸಿಗ್ನಲ್ ಕೆಂಪಿತ್ತೋ ಹಸಿರಿತ್ತೋ ನೆನಪೇ ಇರುವುದಿಲ್ಲ. ಮೈ ಬಂದಿರುತ್ತದೆ, ಮನಸ್ಸು ಬೇರೆಲ್ಲೋ ಇದ್ದು ಬಂದಿರುತ್ತದೆ. ಇದನ್ನು ಮರೆವು ಎಂದು ಹಳಿಯುವುದು ಸರಿಯಲ್ಲ. ರೂಢಿ ಬಾಗಿಲು ಕಾಯುವುದರಿಂದಲೇ ನಮಗೆ ದಾರಿಯಲ್ಲಿ ಮಗಳ ಪರೀಕ್ಷೆಯ ಬಗ್ಗೆ, ಅಮ್ಮನ ಮಾತ್ರೆಯ ಬಗ್ಗೆ ಯೋಚಿಸಲು ಬಿಡುವು ಸಿಗುವುದು.

ಲಂಡನ್ನಿನ ಟ್ಯಾಕ್ಸಿ ಚಾಲಕರ ವಿಷಯ ಬಹಳ ಜನ ಕೇಳಿರುತ್ತಾರೆ. ಚೇರಿಂಗ್ ಕ್ರಾಸ್‌ನಿಂದ ಸುತ್ತಲೂ ಆರು ಮೈಲಿ ದೂರದೊಳಗಿನ ಸುಮಾರು 25,000 ಬೀದಿಗಳನ್ನು ಮೂರು ನಾಲ್ಕು ವರ್ಷ ಓಡಾಡಿ ಬಾಯಿಪಾಠ ಮಾಡಿ, ಪರೀಕ್ಷೆ ಗೆದ್ದರಷ್ಟೇ ಅವರಿಗೆ ಲೈಸೆನ್ಸು. ಎಲೀನರ್ ಮಗ್ವಾಯರ್ 2000ದಲ್ಲಿ ಅವರ ಹಿಪೊಕ್ಯಾಂಪಸ್‌ನ ಹಿಂಭಾಗ ಇತರರದ್ದಕ್ಕಿಂತ ದೊಡ್ಡದಿದೆಯೆಂದು ತೋರಿಸಿದರು. ಹುಟ್ಟಿನಿಂದಲೇ ಹಾಗಿದ್ದವರು ಈ ಕೆಲಸಕ್ಕೆ ಬರುತ್ತಾರೋ ಎಂಬ ಅನುಮಾನಕ್ಕೆ 2011ರಲ್ಲಿ ಉತ್ತರ ಬಂತು. ಕಲಿಯಲು ಹೊರಟ 79 ಜನರನ್ನು ವರ್ಷಗಳ ನಂತರ ಮತ್ತೆ ನೋಡಿದಾಗ, ಪಾಸಾದ 39 ಜನರಲ್ಲಿ ಮಾತ್ರ ಆ ಭಾಗ ಬೆಳೆದಿತ್ತು. ಬೀದಿ ತುಳಿದೇ ಬೆಳೆದದ್ದು. ಚಿಕ್ಕಪ್ಪನಿಗೆ ಹೆಚ್ಚು ಹತ್ತಿರವೆನಿಸುವುದು ಅದೇ ತಂಡ 2006ರಲ್ಲಿ ಬರೆದ ಒಬ್ಬ ಚಾಲಕನ ವಿಷಯ. ಕಾಯಿಲೆಯಿಂದ ಎರಡೂ ಕಡೆಯ ಹಿಪೊಕ್ಯಾಂಪಸ್ ಕೆಟ್ಟಿದ್ದ ಆತನನ್ನು ಕಂಪ್ಯೂಟರಿನೊಳಗೆ ಕಟ್ಟಿದ ಲಂಡನ್ನಿನಲ್ಲಿ ಗಾಡಿ ಓಡಿಸಲು ಬಿಟ್ಟರು. ಹೆದ್ದಾರಿಗಳಲ್ಲಿ ಆತ ಸಲೀಸಾಗಿ ಹೋದ. ಹೆದ್ದಾರಿ ಬಿಟ್ಟು ಒಳಬೀದಿಗೆ ಇಳಿಯಬೇಕಾದ ಕೂಡಲೇ ದಾರಿ ತಪ್ಪಿದ.

ಲಂಡನ್ನಿನದೇ ಇನ್ನೊಂದು ಪ್ರಯೋಗ ನನ್ನನ್ನು ಕಾಡುತ್ತದೆ. ಹ್ಯೂಗೊ ಸ್ಪಿಯರ್ಸ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ್ದು. ಸೋಹೊ ಬೀದಿಗಳ ಚಿತ್ರದಲ್ಲಿ ತಾವೇ ದಾರಿ ಹುಡುಕುವವರ ಹಿಪೊಕ್ಯಾಂಪಸ್ ಹೊಸ ಬೀದಿಗೆ ಕಾಲಿಟ್ಟಾಗಲೆಲ್ಲ ಚುರುಕಾಗುತ್ತಿತ್ತು. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ಯಂತ್ರ ಹೇಳಿದಂತೆ ಹೋದವರಲ್ಲಿ ಆ ಚುರುಕು ಕಾಣಲಿಲ್ಲ. ಬೆಂಗಳೂರಿನಲ್ಲಿ ನಾನು ಹನ್ನೆರಡು ವರ್ಷದಿಂದ ಇದ್ದೇನೆ. ಫೋನು ಆರಿಹೋದರೆ ನಾಲ್ಕು ಬಡಾವಣೆ ಆಚೆಯ ಗೆಳೆಯನ ಮನೆಗೆ ಹೋಗಲಾರೆ. ಊರು ನನ್ನೊಳಗೆ ಇಳಿದಿಲ್ಲ, ನಾನು ಅದರ ಮೇಲೆ ಜಾರಿಕೊಂಡು ಓಡಾಡಿದ್ದೇನೆ ಎಂದು ಆಸ್ಪತ್ರೆಯ ಆ ಬೆಂಚಿನ ಮೇಲೆ ಕೂತಾಗ ನಿಜಕ್ಕೂ ದುಃಖವಾಯಿತು. ಮೆಜೆಸ್ಟಿಕ್ ಎಂಬ ಟಾಕೀಸು ಈಗಿಲ್ಲ, ಹೆಸರು ಮಾತ್ರ ಇಡೀ ಬಸ್ ನಿಲ್ದಾಣದ ಹಣೆಯ ಮೇಲೆ ಉಳಿದಿದೆ. ಯಾರೋ ಆ ದಾರಿಯನ್ನು ಟಾಕೀಸಿನ ಗುರುತಿನಿಂದ ಕಲಿತವರು ಅದನ್ನು ಉಳಿಸಿದರು. ನಾನು ಉಳಿಸಬಲ್ಲ ಗುರುತು ಒಂದೂ ಇಲ್ಲ.

ಮರುದಿನ ತಪಾಸಣೆ ಮುಗಿಸಿ ಹೊರಟಾಗ ಮಧ್ಯಾಹ್ನ ಕಳೆದಿತ್ತು. ಚಿಕ್ಕಪ್ಪನ ಬಲಗಣ್ಣಿಗೆ ಹತ್ತಿಯಿಟ್ಟು ಅಂಟಿಸಿದ ಬಿಳಿ ಪಟ್ಟಿ. ಎಡಗಣ್ಣಿನ ಪೊರೆ ತೆಗೆಯಲು ಇನ್ನೂ ಸಮಯವಿತ್ತು. ಕಣ್ಣು ಕಟ್ಟಿ ಬಿಟ್ಟದ್ದು ಅಂದರೆ ಇದೇ ಅಲ್ಲವೇ ಎಂದು ಮನಸ್ಸಿಗೆ ಬಂತು, ಆಡಲಿಲ್ಲ. ಕೆಳಗಿನಿಂದ ಹತ್ತುವಾಗ ಕಾಲಿಗೆ ಕೆಲಸವಿಲ್ಲ. ಕೆಲಸವೆಲ್ಲ ಎಡಗೈಯದು. ಅವನ ಎಡಗೈ ಕೊಡೆಯ ಹಿಡಿಯ ಮೇಲಿತ್ತು. ತಿರುವಿಗೆ ಮುಂಚೆ ಆ ಹಿಡಿ ಮೆಲ್ಲಗೆ ಮುಂದಕ್ಕೆ ಸರಿಯಿತು, ಅದರ ಹಿಂದೆಯೇ ಎಂಜಿನ್ನು ಗೇರು ಬದಲಿಸಿಕೊಂಡು ಗೊರಗುಟ್ಟಿತು. ಇಳಿಯುವ ದಾರಿ, ಹತ್ತುವ ದಾರಿ ಒಂದೇ ರಸ್ತೆಯಾದರೂ ಎರಡು ಪಾಠ. ಒಂದು ಪಾದದಲ್ಲಿ, ಒಂದು ಅಂಗೈಯಲ್ಲಿ.

ಒಂದೇ ಒಂದು ಕಡೆ ತಪ್ಪಿದ. ಹಿಡಿ ಸರಿಯಿತು, ಬಸ್ಸು ಗೇರು ಬದಲಿಸಲಿಲ್ಲ, ಸಲೀಸಾಗಿ ಏರಿ ತಿರುಗಿತು. ಚಿಕ್ಕಪ್ಪ ಬೆಚ್ಚಿದವನಂತೆ ಮುಖ ಎತ್ತಿದ. "ಇದು ಯಾವುದು?" ಅಂದ. ನಾನು ಹೊರಗೆ ನೋಡಿದೆ. ಕುಸಿದಿದ್ದ ಜಾಗಕ್ಕೆ ಹೊಸದಾಗಿ ತಡೆಗೋಡೆ ಕಟ್ಟಿ, ತಿರುವಿನ ಹೊಟ್ಟೆಯನ್ನು ಅಗಲ ಮಾಡಿದ್ದರು. ಹಾಗೆಂದು ಹೇಳಿದೆ. "ಸಣ್ಣ ಹೊಟ್ಟೇದು" ಎಂದು ತನಗೆ ತಾನೇ ಅಂದುಕೊಂಡು, ಕೊಡೆಯ ಹಿಡಿಯನ್ನು ಎರಡೂ ಕೈಯಿಂದ ಹಿಡಿದು ಕೂತ. ಒಳ್ಳೆಯದೇ ಆಗಿತ್ತು, ಅಪಾಯ ಕಡಿಮೆಯಾಗಿತ್ತು. ಆದರೂ ಮುಂದಿನ ಎರಡು ತಿರುವು ಅವನ ಕೈ ಏನನ್ನೂ ಹೇಳಲಿಲ್ಲ. ಮಂಗನದು ಬಂದಾಗ ಮತ್ತೆ ಹಿಡಿ ಸರಿಯಿತು, ನನಗೂ ಉಸಿರು ಬಂದಂತಾಯಿತು.

ಮೇಗರವಳ್ಳಿಯಲ್ಲಿ ಇಳಿದಾಗ ಕತ್ತಲಾಗಿತ್ತು, ಕರೆಂಟು ಹೋಗಿತ್ತು. ಮನೆಗೆ ಅರ್ಧ ಮೈಲಿ ಗದ್ದೆಯಂಚಿನ ದಾರಿ. ಮೊಬೈಲ್ ಟಾರ್ಚ್ ಹಾಕಲು ಹೋದೆ, ಅದರ ಬೆಳಕು ಪಟ್ಟಿಯಂಚಿನಿಂದ ಕಣ್ಣಿಗೆ ಚುಚ್ಚುತ್ತದೆ, ಆರಿಸು ಎಂದ. ಆರಿಸಿದೆ. ಕಪ್ಪೆಗಳ ಕೂಗಿನ ನಡುವೆ ಅವನು ಮುಂದೆ, ನಾನು ಹಿಂದೆ. ಅಂಚು ತಿರುಗುವಲ್ಲಿ ತಿರುಗಿದ, ನೀರು ಹಾಯುವ ಕಡಿತವನ್ನು ಹಾರಿದ, ಸಂಕದ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ದಾಟಿದ. ಮನೆಯ ಅಂಗಳಕ್ಕೆ ಬರುವ ಕಡೆ ಮೊದಲು ಉಣುಗೋಲು ಇತ್ತು. ಮೇಲಿನ ಗಳಗಳನ್ನು ಸರಿಸಿ, ಕೆಳಗಿನದನ್ನು ಸರಿಸುವ ಗೋಜಿಗೆ ಹೋಗದೆ ಎಲ್ಲರೂ ದಾಟಿಕೊಂಡು ಬರುತ್ತಿದ್ದೆವು. ಅದನ್ನು ಕಿತ್ತು ಕಬ್ಬಿಣದ ಗೇಟು ಹಾಕಿ ಹತ್ತು ವರ್ಷವಾಯಿತು. ಚಿಕ್ಕಪ್ಪ ಕೈ ಚಾಚಿ ಗೇಟಿನ ಚಿಲಕ ತೆಗೆದ, ಗೇಟು ಕಿರುಗುಟ್ಟುತ್ತ ತೆರೆಯಿತು. ಕೈಗೆ ಗೇಟು ಗೊತ್ತಿತ್ತು.

ಅವನ ಕಾಲು ಮಾತ್ರ ಮೊಣಕಾಲಿನೆತ್ತರಕ್ಕೆ ಎದ್ದು, ಇಲ್ಲದ ಗಳವನ್ನು ದಾಟಿ, ಆಚೆಗೆ ಇಳಿಯಿತು. ಹಿಂದೆ ಬರುತ್ತಿದ್ದ ನನ್ನ ಕಾಲೂ ಎದ್ದಿತು.